ಎಂಜೈಮ್ ನಿಲ್ಲಿಸಿದರೆ ಸಾಕಾ?

ಪ್ರೀತಿಯ ಪುಟ್ಟಿ,

"ಕೀಲು ಸವೆಸೋದು ನಮ್ಮ ಮೈಯಲ್ಲಿರೋ ಎಂಜೈಮ್‌ಗಳೇ ಅಂದ್ರೆ, ಅವನ್ನ ನಿಲ್ಲಿಸೋ ಮಾತ್ರೆ ಬರತ್ತೆ ಬಿಡಪ್ಪ" ಅಂದೆಯಲ್ಲ, ಫೋನಿನಲ್ಲಿ ಪೂರ್ತಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ.

ಆ ಎಂಜೈಮ್‌ಗಳು ನಮಗೆ ಬೇಕು. ಮೂಳೆಯನ್ನೇ ನೋಡು. ಅದು ಜೀವನಪೂರ್ತಿ ಹಳೆಯದನ್ನು ತೆಗೆದು ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶ ಮೂಳೆಗೆ ಅಂಟಿಕೊಂಡು ಆಮ್ಲ ಸುರಿಸುತ್ತದೆ. ಖನಿಜ ಕರಗುತ್ತದೆ. ಉಳಿದ ಕೊಲಾಜನ್ ನಾರನ್ನು ಕ್ಯಾಥೆಪ್ಸಿನ್-ಕೆ ಎಂಬ ಎಂಜೈಮ್ ಕತ್ತರಿಸುತ್ತದೆ. ಹುಟ್ಟಿನಿಂದಲೇ ಇದು ಕೆಲಸ ಮಾಡದ ಮಕ್ಕಳಿದ್ದಾರೆ. ಅವರ ಮೂಳೆ ಎಕ್ಸ್-ರೇಯಲ್ಲಿ ತುಂಬಾ ದಟ್ಟವಾಗಿ ಕಾಣುತ್ತದೆ, ಆದರೂ ಸುಲಭವಾಗಿ ಮುರಿಯುತ್ತದೆ. ಇದೇ ಎಂಜೈಮನ್ನು ತಡೆಯುವ ಓಡನಾಕ್ಯಾಟಿಬ್ ಮಾತ್ರೆಯನ್ನು ಮೂಳೆ ಟೊಳ್ಳಾದವರಿಗೆ ಕೊಟ್ಟು ನೋಡಿದರು. ಮೂಳೆ ಮುರಿಯೋದು ಕಡಿಮೆಯಾಯಿತು, ಪಾರ್ಶ್ವವಾಯು ಜಾಸ್ತಿಯಾಯಿತು. 2016ರಲ್ಲಿ ಅದನ್ನು ಕೈಬಿಟ್ಟರು.

ಕೀಲಿನ ಕಥೆ ಇನ್ನೂ ಕಷ್ಟದ್ದು. ಮೂಳೆಯ ತುದಿಗೆ ನುಣುಪು ಹೊದಿಕೆಯಂತಿರುವ ಕಾರ್ಟಿಲೇಜಿನಲ್ಲಿ ಅಗ್ರಿಕ್ಯಾನ್ ಎಂಬ ದೊಡ್ಡ ಅಣು ಸ್ಪಂಜಿನ ಹಾಗೆ ನೀರು ಹಿಡಿದು ಭಾರ ತಡೆಯುತ್ತದೆ. ಕೊಲಾಜನ್ ನಾರುಗಳು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಸವೆತ ಶುರುವಾದಾಗ ಮೊದಲು ಅಡಾಮ್‌ಟಿಎಸ್-5ರಂಥ ಎಂಜೈಮ್‌ಗಳು ಅಗ್ರಿಕ್ಯಾನನ್ನು ಕತ್ತರಿಸುತ್ತವೆ. ಅಷ್ಟಾದರೆ ಚಿಂತೆಯಿಲ್ಲ, ಜೀವಕೋಶಗಳು ಮತ್ತೆ ತಯಾರಿಸಿಕೊಳ್ಳಬಲ್ಲವು. ಆಮೇಲೆ ಬರೋದು ಎಂಎಂಪಿ-13 ಎಂಬ ಇನ್ನೊಂದು ಎಂಜೈಮ್. ಮೂರು ಎಳೆ ಹೊಸೆದ ಕೊಲಾಜನ್ನನ್ನು ಅದು ಉದ್ದದ ಮುಕ್ಕಾಲು ಭಾಗದ ಹತ್ತಿರ, ಒಂದೇ ಜಾಗದಲ್ಲಿ ಕಡಿಯುತ್ತದೆ. ಅಷ್ಟು ಸಾಕು, ಹೊಸೆದದ್ದು ಬಿಚ್ಚಿಕೊಳ್ಳುತ್ತದೆ. ದೊಡ್ಡವರಲ್ಲಿ ಈ ಕೊಲಾಜನ್ ಒಮ್ಮೆ ಹೋದರೆ ಮತ್ತೆ ಮೊದಲಿನಂತೆ ಬರೋದಿಲ್ಲ ಅಂತಲೇ ಹೇಳಬೇಕು. ಕಾರ್ಟಿಲೇಜಿಗೆ ರಕ್ತನಾಳವಿಲ್ಲ, ನರವೂ ಇಲ್ಲ. ಹಾಗಾಗಿ ಸವೆಯುವಾಗ ಅದಕ್ಕೆ ನೋವೇ ಗೊತ್ತಾಗೋದಿಲ್ಲ. ನನಗೆ ಭಯ ಹುಟ್ಟಿಸೋದು ಇದೇ.

ಎಂಎಂಪಿ-13 ಸೇರಿದ ಎಂಎಂಪಿ ಗುಂಪಿನ ಎಂಜೈಮ್‌ಗಳನ್ನೆಲ್ಲ ಒಟ್ಟಿಗೆ ತಡೆಯೋ ಔಷಧಿಗಳನ್ನೂ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. ಎಷ್ಟೋ ಜನಕ್ಕೆ ಕೈಬೆರಳು, ಭುಜಗಳ ಕೀಲೇ ಹಿಡಿದುಕೊಂಡು ನೋವು ಶುರುವಾಯಿತು! ಒಂದೊಂದೇ ಎಂಜೈಮನ್ನು ಗುರಿಯಿಟ್ಟು ತಡೆಯೋ ಪ್ರಯತ್ನ ನಡೆದೇ ಇದೆ. ಆದರೆ ಅದನ್ನು ನಂಬಿಕೊಂಡು ಆಟದಲ್ಲಿ ತಿರುಚಿಕೊಂಡ ನಿನ್ನ ಮಂಡಿಯನ್ನು ಹಾಗೇ ಬಿಡೋಕಾಗಲ್ಲ, ಅಲ್ವಾ?

ಹೀಗೆ ಮಂಡಿ ತಿರುಚಿದಾಗ ಒಳಗೆ ಉರಿಯೂತ ಎದ್ದು ಈ ಎಂಜೈಮ್‌ಗಳೂ ಜಾಸ್ತಿಯಾಗುತ್ತವೆ. ಮೂಳೆಗಳನ್ನು ಕೀಲಿನಲ್ಲಿ ಬಿಗಿದಿಡುವ ಲಿಗಮೆಂಟ್ ಹರಿದವರಿಗೆ ಚಿಕ್ಕ ವಯಸ್ಸಿನಲ್ಲೇ ಸಂಧಿವಾತ ಬರೋ ಸಾಧ್ಯತೆ ಹೆಚ್ಚು. ಊತ ಇನ್ನೂ ಇಳಿದಿಲ್ಲ ಅಂತ ನೀನೇ ಹೇಳಿದೆ. ನೋವಿಲ್ಲ ಅಂತ ಸುಮ್ನೆ ಇರಬೇಡ. ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸು, ಏನಂದರು ಅಂತ ಅವತ್ತೇ ಫೋನ್ ಮಾಡು.

ನಿನ್ನ
ಅಪ್ಪ