ಮಂಡಿಯ ನೀರು ನೋಡಿದವರಿಗೆ

ನಿನ್ನೆ ಕೋಲು ಹಿಡಿಯದೆ ಮಹಡಿ ಹತ್ತಿದೆ. 14 ಮೆಟ್ಟಿಲು. ಮೇಲೆ ಕೆಲಸ ಏನೂ ಇರಲಿಲ್ಲ, ಸುಮ್ನೆ ಹತ್ತಿದೆ. ಇಳಿದು ಬಂದು ಕೂತಾಗ, ಮೂರು ತಿಂಗಳಿಂದ ಬಾಕಿ ಇಟ್ಟುಕೊಂಡಿದ್ದ ಥ್ಯಾಂಕ್ಸ್ ಹೇಳಿಬಿಡೋಣ ಅನ್ನಿಸಿತು.

ಒಂದು ರಾತ್ರಿ ಇದ್ದಕ್ಕಿದ್ದಂತೆ ಬಲ ಮಂಡಿ ಊದಿ ಕೆಂಪಾಯಿತು. ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ಮೊದಲು ತೋರಿಸಿದ ಕಡೆ ರಕ್ತ ಪರೀಕ್ಷೆ ಮಾಡಿದರು. ಯೂರಿಕ್ ಆಸಿಡ್ ಸರಿಯಾಗೇ ಇತ್ತು. ಅದು ಕೀಲಿನಲ್ಲಿ ಹರಳುಗಟ್ಟಿ ಬರುವ ಊತವೇ ಗೌಟ್. ‘ಗೌಟ್ ಅಲ್ಲ, ಕೀಲಿನ ಸವೆತ’ ಅಂತ ನೋವಿನ ಮಾತ್ರೆ ಬರೆದು ಕಳಿಸಿದರು. ಮೂರನೇ ದಿನ ಚಳಿಜ್ವರ ಬಂತು. ನಾನು ಬೇಡ ಅಂದರೂ ಕೇಳದೆ ತಮ್ಮ ಬೇರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದ. ಅವನಿಗೆ ಇಲ್ಲಿ ಧನ್ಯವಾದ ಹೇಳಿದರೆ ಬೈಯುತ್ತಾನೆ, ಮುಂದೆ ಹೋಗುತ್ತೇನೆ.

ಆ ರಾತ್ರಿಯ ಡ್ಯೂಟಿ ಡಾಕ್ಟರೇ, ‘ಬೇಗ ಏನಾದ್ರೂ ಇಂಜೆಕ್ಷನ್ ಕೊಡಿ’ ಅಂತ ನಿಮ್ಮ ಮೇಲೆ ರೇಗಿದ್ದೆ. ‘ಕೊಡ್ತೀನಿ, ಮೊದಲು ಮಂಡಿಯ ನೀರು ತೆಗೀಬೇಕು’ ಅಂದಿರಿ. ಆಂಟಿಬಯಾಟಿಕ್ ಒಳಗೆ ಹೋದಮೇಲೆ ತೆಗೆದರೆ, ಸೋಂಕು ಇದ್ದರೂ, ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಾದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದಂತೆ. ಆಗ ನಿಮ್ಮ ಮಾತು ಕಿವಿಗೆ ಬೀಳಲಿಲ್ಲ. ಕ್ಷಮಿಸಿ.

ಸೂಜಿಗೆ ಹೆದರಿದ್ದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರಿಂದ ಒತ್ತಿದಂತೆ ಆಯಿತು, ಅಷ್ಟೇ. ಬಂದದ್ದು 40 ಎಂಎಲ್. ಆರೋಗ್ಯವಾಗಿರುವ ಮಂಡಿಯಲ್ಲಿ ಒಂದು ಟೀ ಚಮಚದಷ್ಟೂ ಇರುವುದಿಲ್ಲ. ಅದು ತಿಳಿಯಾಗಿ, ಮೊಟ್ಟೆಯ ಬಿಳಿಯ ಹಾಗೆ ಅಂಟಂಟಾಗಿರುತ್ತದೆ. ಸೂಜಿಯಿಂದ ಬಿಟ್ಟರೆ ಒಂದೆರಡು ಇಂಚು ದಾರದಂತೆ ಎಳೆದುಕೊಳ್ಳುತ್ತದೆ. ನನ್ನದು ಕದಡಿದ ಹಳದಿ ನೀರು, ಟಪಟಪ ಹನಿಯಾಗಿ ಬಿತ್ತು. ಅದನ್ನು ಕೈಯಲ್ಲಿ ಹಿಡಿದು ಲ್ಯಾಬಿಗೆ ಓಡಿದ ಸಿಸ್ಟರ್‌ಗೂ ನನ್ನ ನಮಸ್ಕಾರ. ಹೊತ್ತು ಕಳೆದಷ್ಟೂ ಅದರೊಳಗಿನ ಕಣಗಳು ಒಡೆದುಹೋಗುತ್ತವೆ, ಲೆಕ್ಕ ತಪ್ಪುತ್ತದೆ.

ಇನ್ನು ನೀವು, ರಾತ್ರಿ ಪಾಳಿಯ ಲ್ಯಾಬ್ ಟೆಕ್ನಿಷಿಯನ್. ಈ ಬರಹ ನಿಜಕ್ಕೂ ನಿಮಗೇ. ಒಂದು ಹನಿ ಗಾಜಿನ ಮೇಲೆ ಹಾಕಿ, ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪ್‌ನಲ್ಲಿ ನೋಡಿದಿರಿ. ಸೂಜಿಯಂಥ ಹರಳುಗಳು ಕಂಡವು. ಒಂದು ದಿಕ್ಕಿಗೆ ಮಲಗಿದ್ದರೆ ಹಳದಿ, ಅಡ್ಡ ತಿರುಗಿದರೆ ನೀಲಿ. ಯೂರೇಟ್, ಅಂದರೆ ಯೂರಿಕ್ ಆಸಿಡ್‌ನಿಂದಾದ ಹರಳು. ಗೌಟ್! ಹರಳನ್ನು ಹೀಗೆ ಗುರುತಿಸಬಹುದು ಅಂತ 1961ರಲ್ಲಿ ಮೆಕಾರ್ಟಿ ಮತ್ತು ಹಾಲೆಂಡರ್ ಎಂಬ ವೈದ್ಯರು ತೋರಿಸಿಕೊಟ್ಟರಂತೆ. ಗೌಟ್ ಕೆರಳಿರುವ ಹೊತ್ತಿನಲ್ಲಿ ರಕ್ತದ ಯೂರಿಕ್ ಆಸಿಡ್ ಸರಿಯಾಗಿ ಕಾಣಿಸುವುದೂ ಉಂಟು ಅಂತ ನನಗೆ ಆಮೇಲೆ ತಿಳಿಯಿತು.

ಉತ್ತರ ಸಿಕ್ಕಿತಲ್ಲ ಅಂತ ನೀವು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಬಿಳಿ ರಕ್ತಕಣ ಎಣಿಸಿದಿರಿ. ಒಂದು ಘನ ಮಿಲಿಮೀಟರ್‌ಗೆ 200ರೊಳಗೆ ಇರಬೇಕಾದದ್ದು ನನಗೆ 68,000 ಇತ್ತು. 2,000 ದಾಟಿದರೆ ಉರಿಯೂತ ಅನ್ನುತ್ತಾರೆ, 50,000 ದಾಟಿದರೆ ಸೋಂಕಿನ ಅನುಮಾನ ಜೋರಾಗುತ್ತದೆ. ಗೌಟ್ ಒಂದರಿಂದಲೇ ಇಷ್ಟು ಏರುವುದೂ ಇದೆ, ಅದೇ ತೊಡಕು. ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕುವ ಗ್ರಾಮ್ ಸ್ಟೇನ್‌ನಲ್ಲಿ ಬ್ಯಾಕ್ಟೀರಿಯಾ ಕಾಣಲಿಲ್ಲ. ಆದರೂ ನೀವು ಡಾಕ್ಟರಿಗೆ ಫೋನ್ ಮಾಡಿದಿರಿ: ‘ಹರಳು ಇದೆ ಸರ್, ಆದ್ರೆ ಕಣಗಳು ಜಾಸ್ತಿ ಇವೆ. ಕಲ್ಚರ್ ಬರೋವರೆಗೂ ಇದನ್ನ ಬರೀ ಗೌಟ್ ಅನ್ಕೋಬೇಡಿ.’ ಡಾಕ್ಟರ್ ಪಕ್ಕದಲ್ಲೇ ನಿಂತು ಮಾತಾಡುತ್ತಿದ್ದರು, ಫೋನಿನ ದನಿ ನನಗೂ ಕೇಳಿಸಿತು.

ಆಂಟಿಬಯಾಟಿಕ್ ಆಗಲೇ ಶುರುವಾಯಿತು. ಬೆಳಗ್ಗೆ ಕೀಲನ್ನು ತೊಳೆದರು. ಎರಡನೇ ದಿನ ಕಲ್ಚರ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಗೌಟೂ ಇತ್ತು, ಸೋಂಕೂ ಇತ್ತು! ಸೋಂಕು ತಗುಲಿದ ಕೀಲಿನ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಹಾಳಾಗುತ್ತದಂತೆ. ನನ್ನ ಮೂರು ದಿನ ಮಾತ್ರೆ ನುಂಗುತ್ತಲೇ ಕಳೆದಿತ್ತು. ಬರೀ ಗೌಟ್ ಅಂತ ಇನ್ನೂ ಎರಡು ದಿನ ಬಿಟ್ಟಿದ್ದರೆ ಏನಾಗುತ್ತಿತ್ತೋ, ಯೋಚಿಸಲೂ ಮನಸ್ಸಿಲ್ಲ.

ಆರು ವಾರದ ಆಂಟಿಬಯಾಟಿಕ್ ಮುಗಿದಿದೆ. ಗೌಟ್ ಮಾತ್ರೆ ನಡೆಯುತ್ತಿದೆ. ವ್ಯಾಯಾಮ ಮಾಡಿಸುವಾಗ ನನ್ನಿಂದ ದಿನಾ ಬೈಸಿಕೊಂಡ ಫಿಸಿಯೋಥೆರಪಿಸ್ಟ್ ಮೇಡಂ, ನಿಮಗೂ ಥ್ಯಾಂಕ್ಸ್.

ಟೆಕ್ನಿಷಿಯನ್ ಅವರೇ, ನಿಮ್ಮ ಮುಖ ನೋಡಿಲ್ಲ. ರಿಪೋರ್ಟಿನ ಕೆಳಗೆ ಸಹಿ ಇದೆ, ಅದನ್ನು ಓದಲು ಆಗುತ್ತಿಲ್ಲ. ಮುಂದಿನ ತಪಾಸಣೆಗೆ ಬಂದಾಗ ಆ ರಿಪೋರ್ಟ್ ಹಿಡಿದುಕೊಂಡೇ ನಿಮ್ಮನ್ನು ಹುಡುಕುತ್ತೇನೆ. ಲ್ಯಾಬ್ ಎರಡನೇ ಮಹಡಿಯಲ್ಲಿದೆಯಂತೆ. ಮೆಟ್ಟಿಲಲ್ಲೇ ಬರುತ್ತೇನೆ.