ಸೌತೆಕಾಯಿಗೂ ಶುಗರ್ ತೋರಿಸುವ ವಾಚ್

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್‌ವಾಚ್ ಕೊಳ್ಳುವವರಿಗೆ ಸಲಹೆ ಕೊಡುವ ಲೇಖನ ಬಂದಿತ್ತು. ಬೆಲೆ, ಪರದೆಯ ಅಳತೆ, ಬ್ಯಾಟರಿ ಎಷ್ಟು ದಿನ ಬರುತ್ತದೆ, ಪಟ್ಟಿ ಯಾವ ಯಾವ ಬಣ್ಣದಲ್ಲಿ ಸಿಗುತ್ತದೆ, ಎಲ್ಲವೂ ಇತ್ತು. ಪಕ್ಕದ ಪುಟದಲ್ಲೇ ಒಂದು ಜಾಹೀರಾತು. ಸೂಜಿ ಚುಚ್ಚದೆ ಬಿಪಿ, ಶುಗರ್ ಎರಡೂ ತೋರಿಸುವ ವಾಚ್, ಎರಡು ಸಾವಿರಕ್ಕಿಂತ ಕಡಿಮೆಗೆ. ಲೇಖನದ ಮೇಲೆ ನನ್ನದು ಸಣ್ಣ ತಕರಾರು. ಜಾಹೀರಾತಿನ ಮೇಲೆ ದೊಡ್ಡದು.

ಮೊದಲು ಸಣ್ಣದು ಹೇಳಿಬಿಡುತ್ತೇನೆ. ನಾನು ಗದಗಿನಲ್ಲಿ ಖಾನಾವಳಿ ನಡೆಸುತ್ತೇನೆ. ವಯಸ್ಸು ಐವತ್ತು ದಾಟಿದೆ. ಕೈಗೆ ಬ್ಯಾಂಡ್ ಬಂದದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳಿಂದ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿತ್ತು, ನೆನಪಿದೆಯಲ್ಲ? ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದರು. ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಎಂದು ತಜ್ಞರ ಸಮಿತಿ ಆಮೇಲೆ ಹೇಳಿತು. ಅಷ್ಟರಲ್ಲಿ ನನ್ನ ಮಗಳಿಗೆ ಹೆದರಿಕೆ ಹತ್ತಿ, ಬ್ಯಾಂಡ್ ಆರ್ಡರ್ ಆಗಿ, ನಮ್ಮ ಮನೆಗೂ ಬಂದಾಗಿತ್ತು.

ಜೋಳದ ರೊಟ್ಟಿ ಬಡಿಯುವುದನ್ನು ನೀವು ನೋಡಿರುತ್ತೀರಿ. ಕೈ ಒಂದೇ ಲಯದಲ್ಲಿ ಏಳುತ್ತದೆ, ಬೀಳುತ್ತದೆ. ಬ್ಯಾಂಡಿನೊಳಗೆ ಅಲುಗಾಟ ಗುರುತಿಸುವ ಒಂದು ಸಣ್ಣ ಚಿಪ್ ಇರುತ್ತದೆ. ಕೈ ಲಯಬದ್ಧವಾಗಿ ಅಲುಗಾಡಿದರೆ ಅದು ನಡಿಗೆ ಎಂದು ಲೆಕ್ಕ ಹಾಕುತ್ತದೆ. ಕಾಲು ಎಲ್ಲಿದೆ ಎಂದು ಅದಕ್ಕೇನು ಗೊತ್ತು! ನಾನು ಒಲೆ ಬಿಟ್ಟು ಕದಲಿರುವುದಿಲ್ಲ, ಮುಂಜಾನೆ ತಿಂಡಿ ಹೊತ್ತಿಗೆ ಬ್ಯಾಂಡ್ ಝುಂ ಎಂದು ನಡುಗಿ, ಪರದೆ ಮೇಲೆ ಪಟಾಕಿ ಹಾರಿಸಿ, ಇವತ್ತಿನ ಗುರಿ ಮುಟ್ಟಿದಿರಿ ಎಂದು ಅಭಿನಂದನೆ ಹೇಳುತ್ತದೆ. ಭಜನೆಯಲ್ಲಿ ಚಪ್ಪಾಳೆ ತಟ್ಟಿದರೂ ಕೆಲವೊಮ್ಮೆ ಹೀಗೇ.

ಇದರ ಉಲ್ಟಾ ಕೂಡ ನೋಡಿದ್ದೇನೆ. ನಮ್ಮಲ್ಲಿಗೆ ತರಕಾರಿ ತರುವ ಅಣ್ಣ ಕೈಗಾಡಿ ತಳ್ಳಿಕೊಂಡು ಇಡೀ ಓಣಿ ಸುತ್ತುತ್ತಾರೆ. ನನ್ನ ಬ್ಯಾಂಡನ್ನು ಒಂದು ದಿನ ಅವರಿಗೆ ಕಟ್ಟಿ ಕಳಿಸಿದೆ. ಕೈ ಹಿಡಿಕೆಯ ಮೇಲೆ ಗಟ್ಟಿಯಾಗಿ ಕೂತಿರುವುದರಿಂದ ಅವರ ನಡಿಗೆಯ ಬಹುಪಾಲು ಅದಕ್ಕೆ ಕಾಣಲೇ ಇಲ್ಲ. ತಲೆ ಮೇಲೆ ಬುಟ್ಟಿ ಹೊತ್ತು ಒಂದು ಕೈ ಮೇಲೆ ಹಿಡಿದು ನಡೆಯುವವರಿಗೂ ಇದೇ ಗತಿ. ಈ ಯಂತ್ರ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಕಚೇರಿಯಲ್ಲಿ ಕೂತು ಸಂಜೆ ಕೈ ಬೀಸಿಕೊಂಡು ಪಾರ್ಕಿಗೆ ಹೋಗುವವರು ಅಂತ ನನಗೆ ಅನಿಸುತ್ತದೆ. ಅವರಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಾಡಿ ತಳ್ಳುವವರು, ಹೊರೆ ಹೊರುವವರು ಫೋನನ್ನೇ ಕಿಸೆಯಲ್ಲಿ ಇಟ್ಟುಕೊಂಡರೆ ಲೆಕ್ಕ ಹೆಚ್ಚು ಸರಿ ಬರುತ್ತದೆ, ಯಾಕೆಂದರೆ ಅದು ಕೈಯ ಬದಲು ಮೈ ಅಲುಗಾಟ ಹಿಡಿಯುತ್ತದೆ. ಅದು ಪುಕ್ಕಟೆ ಕೂಡ.

ನಿಮ್ಮ ಲೇಖನ ದಿನಕ್ಕೆ 10,000 ಹೆಜ್ಜೆ ಆಗಲೇಬೇಕು ಎಂದಿತ್ತು. ಈ ಸಂಖ್ಯೆಯನ್ನು ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, ಅಂದರೆ 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆ ಯಂತ್ರ ಮಾರಲು ಶುರುಮಾಡಿತು. ಸಂಖ್ಯೆ ಅದರ ಜೊತೆ ಬಂದದ್ದು. ಇದು ಮಗಳು ಹೇಳಿದ್ದು, ಆಮೇಲೆ ನಾನೂ ಹುಡುಕಿ ಓದಿದೆ. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನಂಥವರಿಗೆ ಜಾಸ್ತಿ ಸಂಬಂಧಪಟ್ಟದ್ದು. ಅದು ಸುಮಾರು 72 ವಯಸ್ಸಿನ ಹೆಂಗಸರ ಮೇಲೆ ನಡೆದದ್ದು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ, 2,700 ಹೆಜ್ಜೆಯವರಿಗಿಂತ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿ ನೋವಿರುವ ಹೆಂಗಸರು ಬ್ಯಾಂಡ್ ಬೈಯುತ್ತದೆ ಎಂದು ರಾತ್ರಿ ಹತ್ತಕ್ಕೆ ಪಡಸಾಲೆಯಲ್ಲಿ ಅಡ್ಡಾಡುವುದನ್ನು ನಾನು ಕಂಡಿದ್ದೇನೆ. ಅವರಿಗೆ ಈ ಮಾತು ತಲುಪಬೇಕು.

ಹಾಗಂತ ರೊಟ್ಟಿ ಬಡಿದದ್ದೇ ವ್ಯಾಯಾಮ ಅಂತ ನಾನು ಸುಮ್ನೆ ಕೂತಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವ ಹಾಗೆ ಓಡಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಂಜೆ ಭೀಷ್ಮ ಕೆರೆ ಕಡೆ ಹೋಗಿ ಬರುತ್ತೇನೆ. ಎಷ್ಟು ಬಿರುಸಾಗಿ ನಡೆಯಬೇಕು ಎನ್ನುವುದಕ್ಕೆ ಯಂತ್ರವೇ ಬೇಕಾಗಿಲ್ಲ. ನಡೆಯುತ್ತಾ ಜೊತೆಯವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟೇ ಅಳತೆ. ನಮ್ಮ ಗುಂಪಿನಲ್ಲಿ ಮಾತಿಗಂತೂ ಎಂದೂ ಕೊರತೆ ಇಲ್ಲ.

ಇನ್ನು ಎದೆ ಬಡಿತದ ವಿಷಯ. ಬ್ಯಾಂಡಿನ ಹಿಂಭಾಗದಲ್ಲಿ ಹಸಿರು ದೀಪ ಮಿಣುಕುತ್ತದೆಯಲ್ಲ, ಅದು ಚರ್ಮದೊಳಗೆ ಹೋಗಿ, ರಕ್ತದ ಏರಿಳಿತಕ್ಕೆ ತಕ್ಕಂತೆ ಹೆಚ್ಚು ಕಡಿಮೆ ವಾಪಸ್ ಬರುತ್ತದೆ. ಅದರಿಂದ ಬಡಿತ ಎಣಿಸುತ್ತಾರೆ. ಬ್ಯಾಂಡ್ ಸಡಿಲ ಇದ್ದರೆ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ ಕಟ್ಟಬೇಕು. ನಮ್ಮ ಹೆಂಗಸರ ಕೈಯಲ್ಲಿ ಬಳೆ ಇರುತ್ತವೆ. ಬಳೆ ಸರಿದು ಬಂದು ಬ್ಯಾಂಡನ್ನು ತಳ್ಳುತ್ತವೆ. ಬಳೆ ಕಡಿಮೆ ಇರುವ ಕೈಗೆ, ಬಳೆಗಳಿಗಿಂತ ಮೇಲೆ ಕಟ್ಟಿದರೆ ವಾಸಿ. ಅಲ್ಲಿ ಹಚ್ಚೆ ಇದ್ದರೆ ಬೆಳಕಿಗೆ ಅದು ಅಡ್ಡ ಬರುತ್ತದೆ. ನನಗಂತೂ ಹಿಟ್ಟು ಹೋಗಿ ಕೂರುತ್ತದೆ, ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒರೆಸದೆ ಬಿಟ್ಟರೆ ಚರ್ಮ ಕೆಂಪಾಗಿ ತುರಿಕೆ ಹತ್ತುತ್ತದೆ.

ಒಲೆ ಮುಂದೆ ಕೂತರೆ ಝಳಕ್ಕೇ ಬಡಿತ ಏರುತ್ತದೆ. ಬ್ಯಾಂಡ್ ಅದನ್ನೂ ವ್ಯಾಯಾಮದ ನಿಮಿಷಗಳಿಗೆ ಸೇರಿಸಿ ಶಹಬ್ಬಾಸ್ ಕೊಡುತ್ತದೆ. ನಾನು ಅದನ್ನು ನಂಬುವುದಿಲ್ಲ. ನಾನು ನೋಡುವುದು ಒಂದೇ ಒಂದು ಸಂಖ್ಯೆ, ಆರಾಮವಾಗಿ ಇದ್ದಾಗಿನ ಬಡಿತ. ದೊಡ್ಡವರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರ ಒಳಗೆ ಇರುತ್ತದೆ. ನನ್ನದು ಎಷ್ಟು ಎನ್ನುವುದಕ್ಕಿಂತ, ನನ್ನ ಮಾಮೂಲಿಗಿಂತ ಏರಿದೆಯಾ ಎನ್ನುವುದು ಮುಖ್ಯ. ಕಳೆದ ಮಳೆಗಾಲದಲ್ಲಿ ಜ್ವರ ಬಂದಾಗ ಅದು ಏರಿತು, ಗುಣವಾದ ಮೇಲೂ ಕೆಲವು ದಿನ ಇಳಿಯಲಿಲ್ಲ. ಇನ್ನೂ ನಾಲ್ಕು ದಿನ ರೊಟ್ಟಿ ಕೆಲಸ ಬೇರೆಯವರಿಗೆ ಬಿಟ್ಟು ಮಲಗಿದೆ. ಬ್ಯಾಂಡಿನಿಂದ ನನಗೆ ಆದ ನಿಜವಾದ ಉಪಯೋಗ ಇದು.

ಕ್ಯಾಲೊರಿ ಲೆಕ್ಕ ಬಿಟ್ಟುಬಿಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಯಂತ್ರಗಳನ್ನು ಪರೀಕ್ಷಿಸಿದರು. ಬಡಿತವನ್ನು ಏಳರಲ್ಲಿ ಆರು ಹೆಚ್ಚುಕಡಿಮೆ ಸರಿಯಾಗಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಶೇ 27ರಷ್ಟು ತಪ್ಪಿತ್ತು, ಕೆಟ್ಟದ್ದು ಶೇ 93. ಅದನ್ನು ನಂಬಿ ಒಂದು ರೊಟ್ಟಿ ಕಡಿಮೆ ತಿನ್ನುವವರು ನನ್ನ ಖಾನಾವಳಿಯಲ್ಲೇ ಇದ್ದಾರೆ! ರಾತ್ರಿ ನಿದ್ದೆ ಹೇಗಿತ್ತು ಎಂದು ಬ್ಯಾಂಡ್ ಕೊಡುವ ಅಂಕವೂ ಹಾಗೇ. ಆಸ್ಪತ್ರೆಯಲ್ಲಿ ನಿದ್ದೆ ಪರೀಕ್ಷೆ ಮಾಡುವಾಗ ತಲೆಗೆ ವೈರು ಅಂಟಿಸಿ ಮೆದುಳಿನ ಅಲೆ ನೋಡುತ್ತಾರೆ. ಬ್ಯಾಂಡ್ ಬರೀ ಅಲುಗಾಟ, ಬಡಿತ ನೋಡಿ ಊಹೆ ಮಾಡುತ್ತದೆ. ನಾಲ್ಕಕ್ಕೆ ಏಳುವವಳಿಗೆ ದಿನಾ ಕಡಿಮೆ ಅಂಕ. ನಾನು ಆ ಸೂಚನೆಯನ್ನೇ ಬಂದ್ ಮಾಡಿದ್ದೇನೆ.

ಮಗಳ ಹೆದರಿಕೆಗೂ ಒಂದು ಮಾತು ಹೇಳಬೇಕು. ವಾಚ್ ಹೃದಯಾಘಾತ ಹಿಡಿಯುವುದಿಲ್ಲ. ದುಬಾರಿ ವಾಚ್‌ಗಳಲ್ಲಿ ಇಸಿಜಿ ಇರುತ್ತದೆ ನಿಜ. ಆಸ್ಪತ್ರೆಯ ಇಸಿಜಿ ಹೃದಯವನ್ನು ಹನ್ನೆರಡು ಕೋನದಿಂದ ನೋಡಿದರೆ ಇದು ಒಂದರಿಂದ ನೋಡುತ್ತದೆ. ಬಡಿತದ ಲಯ ತಪ್ಪಿರುವುದನ್ನು ಅದು ಗುರುತಿಸಬಹುದು. ಹೃದಯಾಘಾತವನ್ನು ಗುರುತಿಸಲು ಆಗುವುದಿಲ್ಲ ಎಂದು ಆಪಲ್ ಕಂಪನಿ ತಾನೇ ಹೇಳುತ್ತದೆ. ಎದೆ ಹಿಂಡಿದ ಹಾಗಾದರೆ ಕೈ ನೋಡಿಕೊಳ್ಳುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು.

ಈಗ ದೊಡ್ಡ ತಕರಾರು. ನನ್ನ ಮೈದುನನಿಗೆ ಸಕ್ಕರೆ ಕಾಯಿಲೆ ಇದೆ. ಅವನು ಊರಿನ ಒಂದು ಅಂಗಡಿಯಲ್ಲಿ, ನಿಮ್ಮ ಜಾಹೀರಾತಿನಲ್ಲಿರುವಂಥದ್ದೇ ವಾಚ್ ಕೊಂಡ. ಬೆರಳು ಚುಚ್ಚಿಕೊಳ್ಳುವ ಕಾಟ ತಪ್ಪಿತು ಎಂದು ಖುಷಿಯಲ್ಲಿದ್ದ. ಊಟಕ್ಕೆ ಮೊದಲು ನೋಡಿದರೂ ನಾರ್ಮಲ್, ಹೋಳಿಗೆ ತಿಂದು ನೋಡಿದರೂ ನಾರ್ಮಲ್. ಮಾತ್ರೆ ಅರ್ಧ ಮಾಡಿಕೊಂಡುಬಿಟ್ಟ. ಒಂದು ಮಧ್ಯಾಹ್ನ ಅವನು ಕೈ ತೊಳೆಯಲು ವಾಚ್ ಬಿಚ್ಚಿಟ್ಟಿದ್ದಾಗ ನಾನು ಅದನ್ನು ಕೋಸಂಬರಿಗೆ ತಂದಿದ್ದ ಸೌತೆಕಾಯಿಗೆ ಕಟ್ಟಿದೆ. ಸ್ವಲ್ಪ ಹೊತ್ತು ದೀಪ ಮಿಣುಕಿ ಸೌತೆಕಾಯಿಗೆ ಎದೆ ಬಡಿತ ಬಂತು. ಶುಗರ್ ಕೂಡ ಬಂತು, ಅದೂ ನಾರ್ಮಲ್. ಪಂಕ್ತಿಯಲ್ಲಿ ಕೂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮೈದುನ ನಗಲಿಲ್ಲ. ಮರುದಿನ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದ, ವರದಿ ನೋಡಿ ಡಾಕ್ಟರು ಮಾತ್ರೆ ಪೂರ್ತಿ ಮಾಡಿ, ಮೇಲೊಂದು ಸೇರಿಸಿದರು.

ಚರ್ಮ ಚುಚ್ಚದೆ ಶುಗರ್ ಅಳೆಯುತ್ತೇವೆ ಎನ್ನುವ ವಾಚ್, ಉಂಗುರಗಳನ್ನು ಬಳಸಬೇಡಿ, ಅಂಥ ಯಾವುದಕ್ಕೂ ನಾವು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ಬೇರೆ. ಅದರಲ್ಲಿ ಕೂದಲಿನಂಥ ಸಣ್ಣ ಎಳೆ ಚರ್ಮದೊಳಗೆ ಹೋಗಿರುತ್ತದೆ. ಬಿಪಿಯದ್ದೂ ಹೀಗೇ. ಸ್ಯಾಮ್‌ಸಂಗ್‌ನಂಥ ದೊಡ್ಡ ಕಂಪನಿಯ ವಾಚೇ ಬಿಪಿ ತೋರಿಸಬೇಕಾದರೆ, ತೋಳಿಗೆ ಗಾಳಿ ತುಂಬುವ ಮಾಮೂಲಿ ಮೆಷಿನ್ ಜೊತೆ 28 ದಿನಕ್ಕೊಮ್ಮೆ ಹೊಂದಿಸಲು ಕೇಳುತ್ತದೆ. ಹಾಗೆ ಏನೂ ಕೇಳದೆ ಬಿಪಿ ಹೇಳುವ ಅಗ್ಗದ ವಾಚ್ ಎಲ್ಲಿಂದ ತಂದು ಹೇಳುತ್ತದೆ?

ಮೈದುನನ ವಾಚಿನ ಡಬ್ಬಿ ಇನ್ನೂ ನನ್ನ ಹತ್ತಿರ ಇದೆ. ಮುಂದೆ ದಪ್ಪಕ್ಷರದಲ್ಲಿ ಶುಗರ್, ಬಿಪಿ. ಹಿಂದೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಗೆ, ಇದು ವೈದ್ಯಕೀಯ ಸಾಧನವಲ್ಲ ಎಂದು ಇಂಗ್ಲಿಷಿನಲ್ಲಿ.

ನನ್ನ ಖಾನಾವಳಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತೂಕಕ್ಕೆ ಮಾರುತ್ತೇನೆ. ಆ ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದಿದ್ದರೆ ದಂಡ. ಅದು ಸರಿಯೇ, ಗಿರಾಕಿಗೆ ಐವತ್ತು ಗ್ರಾಂ ಚಟ್ನಿಯಲ್ಲೂ ಮೋಸ ಆಗಬಾರದು. ಬಿಪಿ ಮೆಷಿನ್, ಗ್ಲುಕೋಮೀಟರ್‌ಗಳಿಗೂ ವೈದ್ಯಕೀಯ ಸಾಧನಗಳ ನಿಯಮ ಇದೆ. ಅದೇ ಕೆಲಸ ಮಾಡುತ್ತೇನೆ ಎಂದು ಡಬ್ಬಿ ಮೇಲೆ ಬರೆದುಕೊಂಡ ವಾಚ್ ಮಾತ್ರ ಹಿಂದಿನ ಸಣ್ಣ ಅಕ್ಷರದ ಮರೆಯಲ್ಲಿ ನುಣುಚಿಕೊಂಡು ಹೋಗುತ್ತಿದೆ. ಚಟ್ನಿ ತೂಕಕ್ಕಿರುವ ಕಾಳಜಿ ಮೈದುನನ ಶುಗರ್‌ಗೂ ಇರಬೇಕಲ್ವಾ? ಮುಂದಿನ ದಪ್ಪಕ್ಷರ ಒಂದು ಹೇಳಿ ಹಿಂದಿನ ಸಣ್ಣಕ್ಷರ ಇನ್ನೊಂದು ಹೇಳುವ ಡಬ್ಬಿಗಳನ್ನು ಔಷಧ ನಿಯಂತ್ರಣದ ಅಧಿಕಾರಿಗಳು ಅಂಗಡಿಗಳಿಂದ ತೆಗೆಸಬೇಕು. ನಿಮ್ಮ ಪತ್ರಿಕೆ ಅಂಥ ಜಾಹೀರಾತು ಒಪ್ಪಿಕೊಳ್ಳುವುದನ್ನು ನಿಲ್ಲಿಸಬೇಕು. ಆರೋಗ್ಯ ಪುಟ ನೋಡಿ ಮಾತ್ರೆ ನುಂಗುವ ಹೊತ್ತು ಬದಲಿಸುವ ಓದುಗರು ನಿಮಗಿದ್ದಾರೆ.

ಮುಂದಿನ ಸಲ ಬೆಲೆ ಪಟ್ಟಿ ಹಾಕುವಾಗ ಕೆಲವು ವಿಷಯ ಸೇರಿಸಿ ಎಂದು ಕೋರುತ್ತೇನೆ. ಅಂಗಡಿಯಲ್ಲೇ ಕಟ್ಟಿಕೊಂಡು ಬಾಯಲ್ಲಿ ಎಣಿಸುತ್ತಾ ಇನ್ನೂರು ಹೆಜ್ಜೆ ನಡೆದು ನೋಡಲು ಹೇಳಿ. ಐದು ಹತ್ತು ಆಚೀಚೆ ಆದರೆ ಪರವಾಗಿಲ್ಲ. ಕನ್ನಡದಲ್ಲಿ ಒಂದು ವಾಟ್ಸಾಪ್ ಮೆಸೇಜ್ ಕಳಿಸಿ ನೋಡಬೇಕು. ಕೆಲವು ವಾಚ್‌ಗಳಲ್ಲಿ ಅಕ್ಷರದ ಬದಲು ಬರೀ ಚೌಕಗಳು ಬರುತ್ತವೆ. ನೀರಿಗೆ ಏನೂ ಆಗುವುದಿಲ್ಲ ಎಂದು ಬರೆದಿದ್ದರೂ ಬಿಸಿನೀರು, ಸೋಪು, ಹಬೆ ಆ ಮಾತಿನಲ್ಲಿ ಸೇರಿರುವುದಿಲ್ಲ, ಸ್ನಾನಕ್ಕೆ ಬಿಚ್ಚಿಡುವುದೇ ಮೇಲು. ಆ್ಯಪ್ ಹಾಕಿಕೊಳ್ಳುವಾಗ ಫೋನಿನಲ್ಲಿರುವ ಎಲ್ಲರ ನಂಬರ್ ಕೇಳುತ್ತದೆ. ಹೆಜ್ಜೆ ಎಣಿಸಲು ಅದರ ಅಗತ್ಯ ಇಲ್ಲ, ಬೇಡ ಎಂದು ಒತ್ತಬಹುದು.

ಮತ್ತೆ, ಬಿಲ್ ತೆಗೆದುಕೊಳ್ಳಲು ಹೇಳಿ. ಮೈದುನ ವಾಚ್ ವಾಪಸ್ ಕೊಡಲು ಹೋದಾಗ ಅಂಗಡಿಯವರು ಇದು ನಮ್ಮದಲ್ಲ ಎಂದುಬಿಟ್ಟರು. ಅವನ ಬಳಿ ಬಿಲ್ ಇರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಅವನು ಈಗ ಫೋನ್‌ಪೇಯಲ್ಲಿ ಹಣ ಹೋದ ದಾಖಲೆ ಹುಡುಕುತ್ತಿದ್ದಾನೆ.

ಇಂತಿ,
ಖಾನಾವಳಿ ನಡೆಸುವ, ನಿಮ್ಮ ಓದುಗರಲ್ಲಿ ಒಬ್ಬಳು,
ಗದಗ