ಹದಿಹರೆಯದವರ ಕಾದಂಬರಿಗೆ ಬೇರೆ ಕಪಾಟು ಬೇಕು

ಮಾನ್ಯ ಸಂಪಾದಕರೇ,

ಹಾಸನ, ಬೇಲೂರು, ಸಕಲೇಶಪುರದ ಸಾರ್ವಜನಿಕ ಗ್ರಂಥಾಲಯಗಳಿಗೆ ಹದಿಹರೆಯದವರ ಹೊಸ ಕಾದಂಬರಿಗಳು ಬಂದರಷ್ಟೇ ಸಾಲದು, ಕಣ್ಣಿಗೂ ಬೀಳಬೇಕು. ಲೇಖಕರ ಅಕ್ಷರಕ್ರಮದಲ್ಲಿಟ್ಟರೆ 120 ಪುಟದ ಪುಸ್ತಕ ದಪ್ಪ ಕಾದಂಬರಿಗಳ ನಡುವೆ ಹೂತುಹೋಗುತ್ತದೆ. ತೆಳು ಬೆನ್ನಿನ ಮೇಲೆ ಶೀರ್ಷಿಕೆಯೂ ಕಾಣದು. ಮಕ್ಕಳ ವಿಭಾಗ ಇನ್ನೂ ಕೆಟ್ಟದು, ಹತ್ತನೇ ತರಗತಿಯವರು ಅತ್ತ ಸುಳಿಯುವುದೇ ಇಲ್ಲ.

ಎರವಲು ಕೌಂಟರ್ ಎದುರು ಒಂದು ಕಪಾಟು, ಮುಖಪುಟ ಕಾಣುವಂತೆ 12 ಪುಸ್ತಕ ಸಾಕು. ಪ್ರತಿಯೊಂದರ ಕೆಳಗೆ ಅಂಗೈಯಗಲದ ಚೀಟಿ: ಯಾರ ಕಥೆ, ಎಲ್ಲಿ ನಡೆಯುತ್ತದೆ, ಎಷ್ಟು ಪುಟ, ಭಾಷೆ ಸಲೀಸೋ ಬಿಗಿಯೋ. 30 ಪದ ಮೀರಬಾರದು, ಕೊನೆ ಬಿಟ್ಟುಕೊಡಬಾರದು. ‘ಉತ್ತಮ ಸಂದೇಶವಿದೆ’ ಎಂದು ಬರೆದಿರೋ, ಆ ಪುಸ್ತಕ ಅಲ್ಲೇ ಧೂಳು ತಿನ್ನುತ್ತದೆ! ಸಾವು, ಹಿಂಸೆಯಂಥ ವಸ್ತುವಿದ್ದರೆ ಒಂದು ಸಾಲಿನಲ್ಲಿ ಮೊದಲೇ ತಿಳಿಸಿ. ಪೋಷಕರ ತಕರಾರು ತಗ್ಗುತ್ತದೆ. ಚೀಟಿ ಬರೆಯುವವರು ಪುಸ್ತಕ ಓದಿರಲೇಬೇಕು. ಬೆನ್ನುಡಿಯ ನಕಲನ್ನು ಹುಡುಗರು ಚಿಟಿಕೆಯಲ್ಲಿ ಹಿಡಿಯುತ್ತಾರೆ.

ಸರಣಿಯ ಮೊದಲ ಭಾಗ ಇಲ್ಲದೆ ಎರಡನೆಯದನ್ನು ಇಡಬೇಡಿ. ಎರವಲಾಗಿ ಖಾಲಿಯಾದ ಜಾಗ ಅಂದೇ ತುಂಬಬೇಕು, ಎರಡು ತಿಂಗಳು ಯಾರೂ ಮುಟ್ಟದ್ದು ಒಳಗಿನ ಕಪಾಟಿಗೆ ಹೋಗಲಿ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ಅದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗಷ್ಟೇ ಮೀಸಲಲ್ಲ. ಬೇಸಿಗೆ ರಜೆಗೆ ಮುಂಚೆ, ಮಾರ್ಚ್ ಒಳಗೆ ಈ ಕಪಾಟು ಸಿದ್ಧವಾಗಲಿ.

– ಗ್ರಂಥಾಲಯದ ಓದುಗರು, ಹಾಸನ